ಹೂ ಮಳೆಯ ಲೆಕ್ಕಕ್ಕೆ ಸೆನ್ಸರ್ ಜಾಲ: ಸಿದ್ದಾಪುರ ಕಡೆಯ ಒಂದು ರೊಬಸ್ಟಾ ತೋಟದ ಪ್ರಕರಣ

ಕೊಡಗಿನ ರೊಬಸ್ಟಾ ಕಾಫಿ ತೋಟಕ್ಕೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಒಂದರಿಂದ ಒಂದೂವರೆ ಇಂಚು ಹೂ ಮಳೆ ಬೇಕು. ಬಿದ್ದು ವಾರ ಕಳೆಯುವಷ್ಟರಲ್ಲಿ ಹೂ ಅರಳುತ್ತದೆ, ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ, ಅಂದರೆ ಎರಡನೇ ಮಳೆ, ಬಂದರೆ ಕಾಯಿ ನಿಲ್ಲುತ್ತದೆ. ಮಳೆ ಪೂರ್ತಿ ಬಂದರೆ ತೊಂದರೆಯಿಲ್ಲ, ಬಾರದೇ ಇದ್ದರೆ ಸ್ಪ್ರಿಂಕ್ಲರ್ ಹಾಕಿದರಾಯಿತು. ಕಷ್ಟ ಇರುವುದು ಅರೆಬರೆ ಮಳೆಯಲ್ಲಿ. ಅರ್ಧ ಇಂಚು ಬಿದ್ದು ನಿಂತರೆ ಕೆಲವು ಮೊಗ್ಗು ಅರಳುತ್ತವೆ, ಕೆಲವು ಅರ್ಧಕ್ಕೆ ನಿಂತು ಒಣಗುತ್ತವೆ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅಕ್ಕಪಕ್ಕದ ಗಿಡಗಳು ಒಟ್ಟಿಗೇ ಹೂ ಬಿಡಬೇಕು. ಹಾಗಾಗಿ ಬಿದ್ದದ್ದು ಕಡಿಮೆ ಎಂದು ಗೊತ್ತಾದ ಕೂಡಲೇ ಉಳಿದಷ್ಟನ್ನು ಪಂಪಿನಿಂದ ತುಂಬಿಸಬೇಕು.

ಇಲ್ಲಿ ವಿವರಿಸಿರುವ ತೋಟ 60 ಎಕರೆ, ಎರಡು ತುಂಡು. ಮನೆ, ಕಣ, ಕೆರೆ ಇರುವ ಭಾಗದಲ್ಲಿ ಮೂರು ಬ್ಲಾಕ್. ನಾಲ್ಕನೆಯದು ಮನೆಯಿಂದ ಸುಮಾರು 1.3 ಕಿ.ಮೀ. ದೂರ, ನಡುವೆ ಬೇರೆಯವರ ತೋಟ ಮತ್ತು ಒಂದು ಗದ್ದೆ ಬಯಲು. ಮನೆ ಅಂಗಳದಲ್ಲಿ ಒಂದೇ ಮಳೆ ಮಾಪಕ. ಬೇಸಿಗೆ ಮಳೆ ಒಂದು ಗುಡ್ಡಕ್ಕೆ ಬಿದ್ದು ಪಕ್ಕದ ಗುಡ್ಡ ಒಣಗಿರುವುದು ಇಲ್ಲಿ ಮಾಮೂಲಿ. ಅಂಗಳದ ಮಾಪಕದಲ್ಲಿ ಒಂದು ಇಂಚು ಕಂಡಿತೆಂದು ಪಂಪ್ ಹಾಕದೆ ಬಿಟ್ಟರೆ ದೂರದ ಬ್ಲಾಕಿನ ಫಸಲು ಹೋಯಿತು. ಆದ್ದರಿಂದ ಇಲ್ಲಿ ಹಾಕಿದ ಸೆನ್ಸರ್ ಜಾಲದ ಮುಂದೆ ಇಟ್ಟ ಪ್ರಶ್ನೆ ಒಂದೇ: ಯಾವ ಬ್ಲಾಕಿಗೆ, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಮಳೆ ಕಡಿಮೆ? ತಾಪಮಾನ, ತೇವಾಂಶ, ಬೆಳಕು, ಎಲೆ ಒದ್ದೆ ಇತ್ಯಾದಿಗಳನ್ನು ಮೊದಲ ಹಂತದಲ್ಲಿ ಕೈಬಿಟ್ಟದ್ದು ಈ ಯೋಜನೆಯ ಅತಿ ಒಳ್ಳೆಯ ತೀರ್ಮಾನ.

ಜಾಲದಲ್ಲಿರುವುದು 11 ನೋಡ್, ಅಂದರೆ ಸೆನ್ಸರ್ ಓದಿ ರೇಡಿಯೊದಲ್ಲಿ ಕಳಿಸುವ ಪೆಟ್ಟಿಗೆ. ನಾಲ್ಕು ಬ್ಲಾಕಿಗೆ ನಾಲ್ಕು ಮಳೆ ಮಾಪಕ, ಐದು ಕಡೆ ಮಣ್ಣಿನ ತೇವ (ಪ್ರತಿಯೊಂದರಲ್ಲೂ 20 ಮತ್ತು 45 ಸೆಂ.ಮೀ. ಆಳದಲ್ಲಿ ಒಂದೊಂದು ಸೆನ್ಸರ್), ಕೆರೆ ಮಟ್ಟಕ್ಕೆ ಒಂದು, ಸ್ಪ್ರಿಂಕ್ಲರ್ ಮೇನ್ ಪೈಪಿನ ಒತ್ತಡ ನೋಡಲು ಒಂದು. ಕೊನೆಯದು ಯಾಕೆ ಬೇಕಾಯಿತೆಂಬುದು ಮುಂದೆ ಬರುತ್ತದೆ.

ರೇಡಿಯೊ

ಮೊದಲು ಪರೀಕ್ಷಿಸಿದ್ದು 2.4 ಗಿಗಾಹರ್ಟ್ಸ್‌ನ ಮೆಶ್ ನೋಡ್‌ಗಳನ್ನು. ಒಂದು ನೋಡ್ ಇನ್ನೊಂದರ ಮಾತನ್ನು ಮುಂದಕ್ಕೆ ದಾಟಿಸುವ ಬಗೆ ಇದು. ಕಾಗದದ ಮೇಲೆ ಚೆನ್ನ. ಕಾಫಿ ಗಿಡದ ಎತ್ತರದಲ್ಲಿ, ಒದ್ದೆ ಎಲೆಯ ನಡುವೆ ಆ ತರಂಗ ಬೇಗ ಸೋಲುತ್ತದೆ. ದಾಟಿಸುವ ನೋಡ್‌ಗಳು ನಿದ್ದೆ ಮಾಡುವಂತಿಲ್ಲ, ಬ್ಯಾಟರಿ ತಡೆಯುವುದಿಲ್ಲ. ನೆರಳಿನಡಿ ಸೋಲಾರ್ ಫಲಕ ಇಟ್ಟು ಪ್ರಯೋಜನವಿಲ್ಲ. ನಡುವಿನ ಒಂದು ನೋಡ್ ಸತ್ತರೆ ಅದರಾಚೆಯವೆಲ್ಲ ಮೌನ.

ಉಳಿದದ್ದು ಲೋರಾವಾನ್, ಕಡಿಮೆ ಬ್ಯಾಟರಿಯಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೊ ಪದ್ಧತಿ. ಭಾರತದಲ್ಲಿ ಇದು 865–867 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಬಳಸುವವರಿಗೆ ಪ್ರತ್ಯೇಕ ಲೈಸೆನ್ಸ್ ಬೇಡ, ಆದರೆ ಉಪಕರಣಕ್ಕೆ ಇಲ್ಲಿನ ಅನುಮೋದನೆ ಇರಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಮಾಡ್ಯೂಲ್‌ಗಳು 433 ಅಥವಾ 915ಕ್ಕೆ ಹೊಂದಿಸಿದವು. 868ರ ಮಾಡ್ಯೂಲನ್ನು ಇಲ್ಲಿನ ಚಾನೆಲ್‌ಗೆ ಹಾಕಿಕೊಳ್ಳಬಹುದು. 915ರ ಆಂಟೆನಾ ತಂದು ಸಿಗ್ನಲ್ ಇಲ್ಲವೆಂದು ಪರದಾಡುವುದು ಬೇಡ.

ಇಲ್ಲಿ ಪ್ರತಿ ನೋಡ್ ನೇರವಾಗಿ, ಎಲ್ಲವುಗಳ ಸಂದೇಶ ಹಿಡಿದು ಸರ್ವರಿಗೆ ಮುಟ್ಟಿಸುವ ಗೇಟ್‌ವೇಗೆ ಹೇಳುತ್ತದೆ. ಹಾಗಾಗಿ ಎಲ್ಲವೂ ಗೇಟ್‌ವೇ ಆಂಟೆನಾದ ಎತ್ತರದ ಮೇಲೆ ನಿಂತಿದೆ. ದೂರದ ಬ್ಲಾಕಿನ 1.3 ಕಿ.ಮೀ. ದಾರಿಗೆ ನಡುಮಧ್ಯದಲ್ಲಿ ಫ್ರೆನೆಲ್ ವಲಯದ (ತರಂಗ ಹರಡಿಕೊಂಡು ಸಾಗುವ ಜಾಗ) ತ್ರಿಜ್ಯ ಸುಮಾರು 10.6 ಮೀಟರ್. ಅದರಲ್ಲಿ ಶೇ. 60, ಅಂದರೆ ಆರೂವರೆ ಮೀಟರ್ ಹತ್ತಿರ, ಮರದ ತಲೆಯಿಂದ ಬಿಡುವಿರಬೇಕು. ಸಿಲ್ವರ್ ಓಕ್ ಬೆಳೆದ ತೋಟದಲ್ಲಿ ಅಷ್ಟು ಎತ್ತರದ ಕಂಬ ಯಾರೂ ನೆಡುವುದಿಲ್ಲ. ಮನೆ ಹಿಂದಿನ ದಿಬ್ಬದ ನೀರಿನ ಟ್ಯಾಂಕಿನ ಮೇಲೆ ಕಂಬ ನಿಲ್ಲಿಸಿ, ಗದ್ದೆ ಬಯಲಿನ ತೆರವಿನ ಮೇಲೆ ದಾರಿ ಹಾಯುವಂತೆ ಮಾಡಲಾಯಿತು. ಉಳಿದ ನಷ್ಟವನ್ನು ನಿಧಾನದ ಪ್ರಸಾರದಿಂದ ತುಂಬಿಕೊಳ್ಳಬೇಕು.

ಆಂಟೆನಾ ಮೇಲೆ, ಗೇಟ್‌ವೇ ಕೆಳಗೆ ಕಚೇರಿಯಲ್ಲಿ, ನಡುವೆ 15 ಮೀಟರ್ ಆರ್‌ಜಿ58 ಕೇಬಲ್: ಇದು ಸಾಮಾನ್ಯವಾಗಿ ಮಾಡುವ ತಪ್ಪು. ಆ ಕೇಬಲ್ ಈ ತರಂಗಾಂತರದಲ್ಲಿ ಮೀಟರಿಗೆ ಅರ್ಧ ಡಿಬಿಯಷ್ಟು (ಡೆಸಿಬೆಲ್) ಸಿಗ್ನಲ್ ನುಂಗುತ್ತದೆ. ಒಟ್ಟು ಏಳೆಂಟು ಡಿಬಿ, ಅಂದರೆ ಬಂದ ಶಕ್ತಿಯಲ್ಲಿ ಐದನೇ ಒಂದು ಭಾಗವೂ ಗೇಟ್‌ವೇಗೆ ತಲುಪದು. ಸರಿಯಾದ ಕ್ರಮವೆಂದರೆ ಗೇಟ್‌ವೇಯನ್ನೇ ಮೇಲೆ ಕಂಬಕ್ಕೆ ಕಟ್ಟಿ, ಒಂದು ಮೀಟರಿನೊಳಗಿನ ಕೇಬಲ್ ಹಾಕಿ, ಕೆಳಗಿನಿಂದ ಈಥರ್ನೆಟ್ ತಂತಿಯಲ್ಲೇ ಕರೆಂಟ್ ಕೊಡುವುದು. ಏಪ್ರಿಲ್, ಮೇಯಲ್ಲಿ ಸಿಡಿಲಿನ ಕಾಟ ಇರುವುದರಿಂದ ಆಂಟೆನಾ ಸಾಲಿಗೂ ಈಥರ್ನೆಟ್ ಸಾಲಿಗೂ ಸರ್ಜ್ ಅರೆಸ್ಟರ್ ಬೇಕು, ಎರಡರದ್ದೂ ಭೂಮಿ ತಂತಿ ಒಂದೇ ಅರ್ಥಿಂಗ್ ಗುಂಡಿಗೆ ಹೋಗಬೇಕು. ಕನೆಕ್ಟರಿಗೆ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಮೇಲಿನಿಂದ ಸುತ್ತಿದರೆ ಪದರದ ಬಾಯಿ ಮೇಲಕ್ಕಿದ್ದು ನೀರು ಒಳಗಿಳಿಯುತ್ತದೆ.

ಪ್ರಸಾರದ ವೇಗಕ್ಕೆ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್) ಎಂಬ ಮೆಟ್ಟಿಲುಗಳಿವೆ, ಅಂಕಿ ಏರಿದಷ್ಟೂ ನಿಧಾನ. ಎಸ್‌ಎಫ್ 7ರಲ್ಲಿ 12 ಬೈಟಿನ ಸಂದೇಶ ಗಾಳಿಯಲ್ಲಿರುವುದು ಸುಮಾರು 62 ಮಿಲಿಸೆಕೆಂಡ್. ಅದೇ ಸಂದೇಶ ಎಸ್‌ಎಫ್ 10ರಲ್ಲಿ 412 ಮಿಲಿಸೆಕೆಂಡ್, ಎಸ್‌ಎಫ್ 12ರಲ್ಲಿ 1.48 ಸೆಕೆಂಡ್. ಎಷ್ಟು ನಿಧಾನವೋ ಅಷ್ಟು ದೂರ, ಅಷ್ಟೇ ಬ್ಯಾಟರಿ ಖರ್ಚು. ಇದನ್ನು ತಾನಾಗಿ ಹೊಂದಿಸುವ ಎಡಿಆರ್ ಸೌಲಭ್ಯ ಲೋರಾವಾನ್‌ನಲ್ಲಿದೆ. ಕೊಡಗಿನಲ್ಲಿ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಫೆಬ್ರವರಿಯ ಒಣ ಹವೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಕ್ಕಿತೆಂದು ಸರ್ವರ್ ನೋಡನ್ನು ಎಸ್‌ಎಫ್ 7ಕ್ಕೆ ಇಳಿಸುತ್ತದೆ. ಮೊದಲ ಜೋರು ಮಳೆಗೆ ಎಲೆ, ಕೊಂಬೆ, ತರಗೆಲೆ ಎಲ್ಲ ನೆಂದು ಸಂಪರ್ಕ ಕಡಿಯುತ್ತದೆ. ಉತ್ತರ ಬರುತ್ತಿಲ್ಲವೆಂದು ನೋಡ್ ಅನುಮಾನಪಡಲು 64 ಸಂದೇಶ, ಒಂದು ಮೆಟ್ಟಿಲು ಹಿಂದೆ ಸರಿಯಲು ಇನ್ನೂ 32 ಸಂದೇಶ ಆಗಬೇಕು. ಅರ್ಧ ಗಂಟೆಗೊಂದು ಸಂದೇಶವಾದರೆ 96 ಸಂದೇಶಕ್ಕೆ ಸರಿಯಾಗಿ 48 ಗಂಟೆ. ಬೇಕಾದದ್ದು ಮರುದಿನ ಬೆಳಿಗ್ಗೆಯ ಲೆಕ್ಕ, ಜಾಲ ಎಚ್ಚರಾಗುವುದು ಮೂರನೇ ದಿನ! ದೂರದ ಬ್ಲಾಕಿನ ನೋಡ್‌ಗಳಿಗೆ ಎಡಿಆರ್ ತೆಗೆದು ಎಸ್‌ಎಫ್ 10ಕ್ಕೆ ಕಟ್ಟಿಹಾಕಲಾಗಿದೆ. ಹತ್ತಿರದವಕ್ಕೆ ಸಿಗ್ನಲ್ 10 ಡಿಬಿ ಮಿಗುವಂತೆ ಇಟ್ಟು ಎಡಿಆರ್ ಉಳಿಸಿಕೊಳ್ಳಲಾಗಿದೆ.

ಮಳೆ ಮಾಪಕ

ಕೊಡಗಿನ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್‌ನಲ್ಲಿ ಬರೆದಿಡುತ್ತಾರೆ. ಒಂದು ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ, 0.254 ಮಿ.ಮೀ. ಒಳಗಿನ ಸಣ್ಣ ಬಕೆಟ್ ತುಂಬಿದಂತೆಲ್ಲ ಮಗುಚಿ ಎಣಿಸುವ ಟಿಪ್ಪಿಂಗ್ ಬಕೆಟ್ ಮಾಪಕಗಳು 0.2 ಮಿ.ಮೀ.ಗೆ ಒಮ್ಮೆ ಮಗುಚುವವೂ ಇವೆ, 0.254ಕ್ಕೆ ಮಗುಚುವವೂ ಇವೆ. ಎರಡನೆಯದನ್ನು ತೆಗೆದುಕೊಂಡರೆ ಒಂದು ಮಗುಚು, ಒಂದು ಸೆಂಟ್. ತೋಟದ ಲೆಕ್ಕ ಬರೆಯುವ ರೈಟರ್ ತನ್ನ ಪುಸ್ತಕದ ಜೊತೆ ನೇರವಾಗಿ ಹೋಲಿಸಿ ನೋಡಬಹುದು. ಇಂಥ ಸಣ್ಣ ಅನುಕೂಲವೇ ಯಂತ್ರದ ಮೇಲೆ ನಂಬಿಕೆ ಹುಟ್ಟಿಸುತ್ತದೆ.

ಕೊಂಡು ತಂದ ಮಾಪಕವನ್ನು ಹಾಗೇ ಹಾಕಬಾರದು. ಬಾಯಿಯ ವ್ಯಾಸ 200 ಮಿ.ಮೀ. ಇದ್ದರೆ ವಿಸ್ತೀರ್ಣ 314 ಚದರ ಸೆಂ.ಮೀ., ಒಂದು ಇಂಚು ಮಳೆಗೆ 798 ಮಿಲಿಲೀಟರ್ ನೀರು. ಅಷ್ಟನ್ನು ಅಳೆದು ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಸೂಜಿಯ ತೂತು ಮಾಡಿ, ಹನಿಹನಿಯಾಗಿ ಒಂದು ಗಂಟೆ ಇಳಿಯುವಂತೆ ಬಿಟ್ಟರೆ 100 ಮಗುಚು ಬರಬೇಕು. 97 ಬಂದರೆ ಬಕೆಟ್ ಕೆಳಗಿನ ಸ್ಕ್ರೂ ತಿರುಗಿಸಿ ಸರಿಮಾಡಬೇಕು. 140 ಬಂತೆಂದರೆ ಸ್ಕ್ರೂ ದೋಷವಲ್ಲ. ಮಗುಚನ್ನು ಎಣಿಸುವ ರೀಡ್ ಸ್ವಿಚ್ ಕುಣಿದು ಒಂದನ್ನೇ ಎರಡು ಸಲ ಎಣಿಸುತ್ತಿದೆ. ಒಂದು ಮಗುಚಾದ ಮೇಲೆ 100 ಮಿಲಿಸೆಕೆಂಡ್ ಬೇರೇನನ್ನೂ ಎಣಿಸದಂತೆ ಪ್ರೋಗ್ರಾಂನಲ್ಲಿ ತಡೆ ಹಾಕಬೇಕು. ಜಡಿಮಳೆಯಲ್ಲಿ ಬಕೆಟ್ ಮಗುಚುವಾಗಿನ ನೀರು ಲೆಕ್ಕಕ್ಕೆ ಸಿಗದೆ ಅಂಕಿ ಸ್ವಲ್ಪ ಕಡಿಮೆ ತೋರಿಸುತ್ತದೆ. ಅಂಥ ಮಳೆ ಬರುವ ಜುಲೈಯ ಅಂಕಿ ಹೂವಿನ ಲೆಕ್ಕಕ್ಕೆ ಬೇಕಿಲ್ಲ, ಹಾಗಾಗಿ ಅದು ತಲೆನೋವಲ್ಲ.

ಜಾಗ ಹುಡುಕುವುದೇ ದೊಡ್ಡ ಕೆಲಸ. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬಿಡಬೇಕೆಂಬ ನಿಯಮ ಕಾಫಿ ತೋಟದೊಳಗೆ ನಡೆಯದು. ನೆರಳಿನಡಿ ಇಟ್ಟರೆ ಎಲೆ ತಡೆದು ಉಳಿದ ನೀರು ಮಾತ್ರ ಸಿಗುತ್ತದೆ, ಒಂದು ಕೊಂಬೆಯ ತೊಟ್ಟಿಕ್ಕು ನೇರ ಬಾಯಿಗೇ ಬಿದ್ದರೆ ಅಂಕಿ ಏರುತ್ತದೆ. ಮೂರು ಬ್ಲಾಕಿನಲ್ಲಿ ತೋಟದ ರಸ್ತೆ ಸೇರುವ ತೆರವಿನಲ್ಲಿ, ದೂರದ ಬ್ಲಾಕಿನಲ್ಲಿ ಗದ್ದೆ ಅಂಚಿನಲ್ಲಿ ಕಂಬ ನೆಡಲಾಯಿತು. ಆಲಿಕೆಯ ಬಾಯಿಗೆ ತಂತಿ ಬಲೆ ಕಡ್ಡಾಯ. ಆದರೂ ಒಣ ಎಲೆ, ಹೂವಿನ ಪುಡಿ, ಜೇಡ, ಇರುವೆ ಕಟ್ಟುತ್ತವೆ. ಕಟ್ಟಿಕೊಂಡ ಮಾಪಕವನ್ನು ಗುರುತಿಸುವುದು ಸುಲಭ: ಉಳಿದ ಮೂರರಲ್ಲಿ ಮಳೆ ನಿಂತ ಮೇಲೂ ಇದೊಂದು ಗಂಟೆಗಟ್ಟಲೆ ಒಂದೊಂದು ಸೆಂಟ್ ತೊಟ್ಟಿಕ್ಕಿಸುತ್ತಿರುತ್ತದೆ.

ಇನ್ನೆರಡು ಸೂಕ್ಷ್ಮಗಳಿವೆ. ಸಂದೇಶದಲ್ಲಿ "ಕಳೆದ ಅರ್ಧ ಗಂಟೆಯ ಮಳೆ" ಎಂದು ಕಳಿಸಬಾರದು, ಮೊದಲಿನಿಂದ ಇಲ್ಲಿಯವರೆಗಿನ ಒಟ್ಟು ಮಗುಚನ್ನು ಕಳಿಸಬೇಕು. ಮಳೆ ಹೊಯ್ಯುವಾಗಲೇ ಸಂದೇಶದ ಪ್ಯಾಕೆಟ್ ಕಳೆದುಹೋಗುವುದು ಹೆಚ್ಚು. ಒಟ್ಟು ಲೆಕ್ಕವಿದ್ದರೆ ನಾಲ್ಕು ಪ್ಯಾಕೆಟ್ ಹೋಗಿ ಐದನೆಯದು ಬಂದರೂ ಒಂದು ಸೆಂಟ್ ಕೂಡ ತಪ್ಪುವುದಿಲ್ಲ. ಆ ಒಟ್ಟನ್ನು ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ ಇಡಬೇಕು. ಎರಡನೆಯದು, ಸ್ಪ್ರಿಂಕ್ಲರ್ ಜೆಟ್ ತಿರುಗುವಾಗ ಮಾಪಕಕ್ಕೂ ನೀರು ಬೀಳುತ್ತದೆ, ಅದು ಮಳೆಯೆಂದೇ ದಾಖಲಾಗುತ್ತದೆ. ಒಂದು ಋತು ಹೀಗಾದರೆ ಮಳೆ ಪುಸ್ತಕವೇ ಕೆಟ್ಟಂತೆ. ಮೇನ್ ಪೈಪಿಗೆ ಒತ್ತಡದ ಸ್ವಿಚ್ ಹಾಕಿದ್ದು ಇದಕ್ಕೇ. ಪಂಪ್ ಓಡುವ ಹೊತ್ತಿನ ಮಗುಚುಗಳು ಬೇರೆ ಕಾಲಂಗೆ ಹೋಗುತ್ತವೆ, ಜೊತೆಗೆ ಆ ಬ್ಲಾಕಿಗೆ ನಿಜಕ್ಕೂ ಎಷ್ಟು ನೀರು ಬಿತ್ತೆಂಬ ಅಂದಾಜೂ ಸಿಗುತ್ತದೆ.

ಮಣ್ಣಿನ ತೇವ

ಎರಡು ಮುಳ್ಳಿನ ಅಗ್ಗದ ಸೆನ್ಸರ್ ಒಂದು ಮಳೆಗಾಲವೂ ಬಾಳುವುದಿಲ್ಲ; ಸತತ ಡಿಸಿ ಹರಿದು ಲೋಹ ಕರಗುತ್ತದೆ. ಕೆಪಾಸಿಟಿವ್ ಬಗೆಯದು ಉತ್ತಮ, ಆದರೆ ಅದರ ಪಟ್ಟಿಯ ಕತ್ತರಿಸಿದ ಅಂಚಿನಿಂದ ನೀರು ಹೀರಿ ಉಬ್ಬುತ್ತದೆ. ಅಂಚಿಗೂ ಮೇಲಿನ ಎಲೆಕ್ಟ್ರಾನಿಕ್ಸಿಗೂ ಎಪಾಕ್ಸಿ ಬಳಿದು, ಒಣಗಿಸಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಅಂಕಿ ಅಲುಗದಿದ್ದರೆ ಮಾತ್ರ ತೋಟಕ್ಕೆ.

ಕಂಪನಿ ಕೊಡುವ ಸೂತ್ರ ಖನಿಜ ಮಣ್ಣಿಗೆ ಮಾಡಿದ್ದು. ವರ್ಷಗಟ್ಟಲೆ ತರಗೆಲೆ ಕೊಳೆತ ತೋಟದ ಮೇಲ್ಮಣ್ಣಿಗೆ ಅದು ಹೊಂದುವುದಿಲ್ಲ. ತೂಕ ಹಾಕಿ ಸರಿಹೊಂದಿಸಿಕೊಳ್ಳಬೇಕು. 5 ಸೆಂ.ಮೀ. ವ್ಯಾಸ, 5 ಸೆಂ.ಮೀ. ಎತ್ತರದ ಉಕ್ಕಿನ ಬಳೆಯನ್ನು ಸೆನ್ಸರ್ ಪಕ್ಕದ ಮಣ್ಣಿಗೆ ಒತ್ತಿ ತೆಗೆದರೆ 98 ಘನ ಸೆಂ.ಮೀ. ಮಣ್ಣು ಸಿಗುತ್ತದೆ. ಒದ್ದೆಯಲ್ಲಿ 142 ಗ್ರಾಂ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿದ ಮೇಲೆ 112 ಗ್ರಾಂ ಬಂದರೆ ನೀರು 30 ಗ್ರಾಂ, ಅಂದರೆ ಗಾತ್ರದಲ್ಲಿ ಶೇ. 30.6. ಹೀಗೆ ಒಣ, ಮಧ್ಯಮ, ಒದ್ದೆ ಸ್ಥಿತಿಯ ನಾಲ್ಕೈದು ಬಿಂದು ಸಿಕ್ಕರೆ ಆ ತೋಟದ್ದೇ ಗೆರೆ ಎಳೆಯಬಹುದು. ಜೋರು ಮಳೆ ನಿಂತು ಎರಡು ದಿನ ಬಸಿದ ಮೇಲಿನ ಅಂಕಿಯನ್ನು ತುಂಬು ಮಟ್ಟವೆಂದು ಗುರುತು ಹಾಕಿಕೊಳ್ಳಬೇಕು.

ಹೂಳುವಾಗ ಗುಂಡಿ ತೋಡಿ ಮುಚ್ಚುವುದು ತಪ್ಪು. ಗುಂಡಿಯ ಬದಿಗೋಡೆಗೆ ಅಡ್ಡವಾಗಿ ಚುಚ್ಚಬೇಕು, ಅದೂ ಗಿಡದ ಬುಡದಿಂದ ಎರಡಡಿ ದೂರ, ಗೊಬ್ಬರ ಹಾಕುವ ವೃತ್ತದ ಹೊರಗೆ. ಗೊಬ್ಬರದ ಉಪ್ಪು ಕರಗಿ ಬಂದರೆ ಅಗ್ಗದ ಸೆನ್ಸರ್ ಅದನ್ನೂ ನೀರೆಂದೇ ಓದುತ್ತದೆ. ಸೆನ್ಸರ್ ಮತ್ತು ಮಣ್ಣಿನ ನಡುವೆ ಒಂದೆರಡು ಮಿಲಿಮೀಟರ್ ಗಾಳಿ ಉಳಿದರೂ ಅಂಕಿ ಸುಳ್ಳು. ಜಲ್ಲಿ ಮಣ್ಣಾದರೆ ಅದೇ ಮಣ್ಣನ್ನು ಜರಡಿ ಹಿಡಿದು ಕೆಸರು ಮಾಡಿ ತುಂಬಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಾತು ಹೇಳಲೇಬೇಕು. ಹೂವಿನ ನೀರು ಯಾವಾಗ ಕೊಡಬೇಕೆಂದು ಮಣ್ಣಿನ ಸೆನ್ಸರ್ ಹೇಳುವುದಿಲ್ಲ. ಆ ಹೊತ್ತಿಗೆ ಗಿಡ ಬಾಯಾರಿರಲೇಬೇಕು, ಮೊಗ್ಗು ಬಲಿತಿರಬೇಕು. ಅದನ್ನು ನೋಡುವುದು ಕಣ್ಣು. "ತೇವ ಶೇ. 18ಕ್ಕೆ ಇಳಿಯಿತು, ಪಂಪ್ ಹಾಕಿ" ಎಂಬ ಸಂದೇಶವನ್ನು ಜನವರಿಯಲ್ಲಿ ನಂಬಿದರೆ ಕೆಡುಕೇ. ಸೆನ್ಸರಿನ ಕೆಲಸ ಶುರುವಾಗುವುದು ನೀರು ಕೊಟ್ಟ ಮೇಲೆ: 20 ಸೆಂ.ಮೀ.ಗೆ ಇಳಿಯಿತೇ, ಗುಡ್ಡದ ನೆತ್ತಿಗೂ ತಗ್ಗಿಗೂ ಸಮನಾಗಿ ಇಳಿಯಿತೇ, 45ರದ್ದೂ ಏರಿ ನೀರು ವ್ಯರ್ಥವಾಯಿತೇ. ಹಣ ಸೀಮಿತವಿದ್ದರೆ ತೇವದ ನೋಡ್ ಬಿಟ್ಟು ಬ್ಲಾಕಿಗೊಂದು ಮಳೆ ಮಾಪಕ ಹಾಕುವುದೇ ಜಾಣತನ.

ಲೆಕ್ಕ ಹೇಗೆ ಕೂಡುತ್ತದೆ

ಉದಾಹರಣೆಗೆ ಮಾರ್ಚಿನ ಒಂದು ರಾತ್ರಿ ಮಳೆ ಬಂದು, ಬೆಳಿಗ್ಗೆ ಪರದೆಯಲ್ಲಿ ಹೀಗಿದೆಯೆನ್ನಿ: ಮನೆ ಬ್ಲಾಕ್ 112 ಸೆಂಟ್, ಕೆರೆ ಬ್ಲಾಕ್ 104, ಗುಡ್ಡದ ಬ್ಲಾಕ್ 58, ದೂರದ ಬ್ಲಾಕ್ 21. ಮೊದಲೆರಡಕ್ಕೆ ಏನೂ ಬೇಡ. ಗುಡ್ಡದ ಬ್ಲಾಕಿಗೆ ಒಂದಿಂಚು ಮಾಡಲು 42 ಸೆಂಟ್ ಕೊರತೆ. ಎಕರೆಗೆ ಒಂದು ಸೆಂಟ್ ಅಂದರೆ ಸುಮಾರು 1,028 ಲೀಟರ್. ಆ ಬ್ಲಾಕಿನ 12 ಎಕರೆಗೆ 5.18 ಲಕ್ಷ ಲೀಟರ್. ಗಾಳಿಗೆ ಹಾರುವ, ಆವಿಯಾಗುವ ಪಾಲು ಬೇರೆ. ಕೆರೆಯ ಹರವು ಅರ್ಧ ಎಕರೆ ಇದ್ದರೆ ಅಷ್ಟು ನೀರಿಗೆ ಮಟ್ಟ 26 ಸೆಂ.ಮೀ. ಹತ್ತಿರ ಇಳಿಯುತ್ತದೆ. ಕೆರೆಯ ಒತ್ತಡ ಸೆನ್ಸರ್ 5 ಮೀಟರ್ ಆಳಕ್ಕೆ 4ರಿಂದ 20 ಮಿಲಿಆಂಪ್ ಕೊಡುವ ಬಗೆಯದು, ಒಂದು ಮಿಲಿಆಂಪ್‌ಗೆ 31 ಸೆಂ.ಮೀ. ಚಿಲ್ಲರೆ. ಪಂಪ್ ಶುರುಮಾಡುವ ಮೊದಲೇ ಕೆರೆ ಸಾಲುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. 21 ಸೆಂಟ್ ಬಿದ್ದ ದೂರದ ಬ್ಲಾಕಿಗೆ ಅಂಕಿ ನೋಡಿ ಓಡಬಾರದು. ಮೊಗ್ಗು ಉಬ್ಬಿದೆಯೇ ಎಂದು ಹೋಗಿ ನೋಡಿ, ಉಬ್ಬಿದ್ದರೆ ಪೂರ್ತಿ ನೀರು ಕೊಡಬೇಕು. ಇಲ್ಲವಾದರೆ ಇನ್ನೊಂದು ಮಳೆಗೆ ಕಾಯಬಹುದು.

ಬ್ಯಾಟರಿ, ಪೆಟ್ಟಿಗೆ, ಪ್ರಾಣಿ

ನೋಡ್‌ಗೆ 3.6 ವೋಲ್ಟಿನ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್, ಡಿ ಅಳತೆಯದು, 19 ಆಂಪ್ ಅವರ್. ಎಸ್‌ಎಫ್ 10ರಲ್ಲಿ ಒಂದು ಸಂದೇಶಕ್ಕೆ 120 ಮಿಲಿಆಂಪ್‌ನಂತೆ 0.41 ಸೆಕೆಂಡ್, ಸೆನ್ಸರ್ ಎಚ್ಚರವಿರುವ ಖರ್ಚು ಸೇರಿಸಿ ದಿನದ 48 ಸಂದೇಶಕ್ಕೆ ಸುಮಾರು ಒಂದು ಮಿಲಿಆಂಪ್ ಅವರ್. ನಿದ್ದೆಯಲ್ಲಿ 20 ಮೈಕ್ರೋಆಂಪ್ ಎಳೆದರೆ ದಿನಕ್ಕೆ ಇನ್ನರ್ಧ. ಈ ಲೆಕ್ಕದಲ್ಲಿ ಸೆಲ್ ವರ್ಷಗಟ್ಟಲೆ ಬರಬೇಕು. ಆದರೆ ಕಲಿಕೆಗೆಂದು ಮಾರುವ ಬೋರ್ಡುಗಳಲ್ಲಿ ರೆಗ್ಯುಲೇಟರೂ ಸದಾ ಉರಿಯುವ ಕೆಂಪು ದೀಪವೂ ಸೇರಿ 8 ಮಿಲಿಆಂಪ್ ಎಳೆಯುವುದುಂಟು. ಆಗ ಅದೇ ಸೆಲ್ ನೂರು ದಿನಕ್ಕೆ ಖಾಲಿ. ರೇಡಿಯೊ ಖರ್ಚಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಮುಂಚೆ ನಿದ್ದೆಯ ಖರ್ಚನ್ನು ಮೀಟರಿನಲ್ಲಿ ಅಳೆಯಿರಿ. ಈ ಸೆಲ್‌ಗೆ ಇನ್ನೊಂದು ಗುಣವಿದೆ: ತಿಂಗಳುಗಟ್ಟಲೆ ಸುಮ್ಮನಿದ್ದರೆ ಒಳಗೆ ಪದರ ಕಟ್ಟಿ, ಒಮ್ಮೆಲೆ ಜೋರಾಗಿ ಎಳೆದಾಗ ವೋಲ್ಟೇಜ್ ಕುಸಿದು ನೋಡ್ ರೀಸೆಟ್ ಆಗುತ್ತದೆ. ಪಕ್ಕದಲ್ಲಿ ಸರಿಯಾದ ಕೆಪಾಸಿಟರ್ ಇದ್ದರೆ ಆ ತೊಂದರೆ ಇಲ್ಲ.

ಪೆಟ್ಟಿಗೆಯ ಮೇಲೆ ಐಪಿ67 (ಧೂಳು, ನೀರು ಹೊಗದು) ಎಂದು ಬರೆದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಒಳಗೆ ಹನಿ ಕಟ್ಟುತ್ತದೆ. ಹಗಲು ಬಿಸಿಯಾಗಿ ರಾತ್ರಿ ತಣಿಯುವಾಗ ಪೆಟ್ಟಿಗೆ ಹೊರಗಿನ ತೇವದ ಗಾಳಿಯನ್ನು ಒಳಗೆಳೆಯುವುದೇ ಕಾರಣ. ಕೇಬಲ್ ಕೆಳಗಿನಿಂದ ಬರಬೇಕು, ಗಾಳಿ ಬಿಟ್ಟು ನೀರು ತಡೆಯುವ ವೆಂಟ್ ಇರಬೇಕು, ಬೋರ್ಡಿಗೆ ಲ್ಯಾಕರ್ ಬಳಿದಿರಬೇಕು. ನೆಲದ ಮೇಲೆ ಹಾದ ಕೇಬಲ್ಲನ್ನು ಇಲಿ, ಮುಳ್ಳುಹಂದಿ ಕಡಿಯುತ್ತವೆ. ಅವು ಬಿಟ್ಟದ್ದನ್ನು ಕಳೆ ಕತ್ತರಿಸುವ ಮೆಷಿನ್ ಮುಗಿಸುತ್ತದೆ. ಕಬ್ಬಿಣದ ಪೈಪಿನೊಳಗೆ ಹಾಕಿ ಅರ್ಧ ಅಡಿ ಆಳ ಹೂತರೆ ಎರಡೂ ತಪ್ಪುತ್ತವೆ. ಆನೆಗೆ ಮಾತ್ರ ಉತ್ತರವಿಲ್ಲ. ಆನೆ ನಡೆಯುವ ದಾರಿಯಲ್ಲಿ ಕಂಬ ನೆಡದಿರುವುದೇ ಉಪಾಯ, ಆ ದಾರಿ ತೋಟದ ಕೆಲಸದವರಿಗೆ ಗೊತ್ತಿರುತ್ತದೆ, ಅವರನ್ನು ಕೇಳಿ. ಮರ ಕಪಾತು ಮಾಡುವವರಿಗೂ ಕಂಬದ ಜಾಗ ಮೊದಲೇ ತೋರಿಸಬೇಕು.

ಗೇಟ್‌ವೇ ಐದು ವ್ಯಾಟ್ ಎಳೆದರೂ ದಿನಕ್ಕೆ 120 ವ್ಯಾಟ್ ಅವರ್. 12 ವೋಲ್ಟಿನ 40 ಆಂಪ್ ಅವರ್ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧದವರೆಗೆ ಬಳಸಿದರೆ ಎರಡು ದಿನ. ಲಿಥಿಯಂ ಐರನ್ ಫಾಸ್ಫೇಟ್ ಆದರೆ ಮೂರು ದಿನ. ಮಳೆಗಾಳಿಗೆ ಕರೆಂಟ್ ಹೋದಾಗ ಹಿಂದೆಯೇ ಮೊಬೈಲ್ ಟವರೂ ಮಲಗುತ್ತದೆ. ಲೆಕ್ಕವೆಲ್ಲ ಇಂಟರ್‌ನೆಟ್‌ನಾಚೆಯ ಸರ್ವರಿನಲ್ಲಿದ್ದರೆ ಬೇಕಾದ ಬೆಳಿಗ್ಗೆಯೇ ಅದು ಸಿಗದು. ಹಾಗಾಗಿ ಲೋರಾವಾನ್ ಜಾಲ ನಡೆಸುವ ಚಿರ್ಪ್‌ಸ್ಟ್ಯಾಕ್ ಸರ್ವರನ್ನು ತೋಟದ ಕಚೇರಿಯ ಸಣ್ಣ ಕಂಪ್ಯೂಟರಿನಲ್ಲೇ ಹಾಕಲಾಗಿದೆ. ಮೊಬೈಲ್ ನೆಟ್‌ವರ್ಕ್ ಇದ್ದರೆ ಪ್ರತಿ ಹೊರಗೂ ಹೋಗುತ್ತದೆ.

ಕೊಡಗಿನಲ್ಲಿ 2018ರ ಭೂಕುಸಿತದ ನಂತರ ಈ ಬಗೆಯ ಜಾಲ ನೋಡಿದವರು ಕೇಳುವ ಪ್ರಶ್ನೆ, ಗುಡ್ಡ ಜಾರುವುದನ್ನೂ ಇದು ಹೇಳುತ್ತದೆಯೇ ಎಂದು. ಇಲ್ಲ. ಅದಕ್ಕೆ ಆಳದ ಬೋರು ಕೊರೆದು ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್, ಓರೆ ಅಳೆಯುವ ಸೆನ್ಸರ್, ಕಂಪನ ಹಿಡಿಯುವ ಜಿಯೋಫೋನ್ ಬೇಕು. ಕೇರಳದ ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಪೀಠದವರು ಹಾಕಿದ್ದು ಅಂಥದ್ದು. 45 ಸೆಂ.ಮೀ. ಆಳದ ತೇವದ ಅಂಕಿ ನೋಡಿ ಗುಡ್ಡ ಭದ್ರವೆಂದು ಮಲಗುವುದು ಅಪಾಯ.

ಜಾಲದ ವಾರ್ಷಿಕ ಸೇವೆ ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆಯೇ ಆಗಬೇಕು. ಮಾರ್ಚಿಗೆ ಬಿಟ್ಟರೆ ಮಳೆ ಮೊದಲೇ ಬಂದಿರುತ್ತದೆ. ಮಾಪಕದ ಆಲಿಕೆ ತೊಳೆದು 798 ಮಿಲಿಲೀಟರ್ ಪರೀಕ್ಷೆ, ಪ್ರತಿ ಸೆಲ್‌ನ ವೋಲ್ಟೇಜನ್ನು ಸಂದೇಶ ಕಳಿಸುವ ಗಳಿಗೆಯಲ್ಲೇ ನೋಡುವುದು (ಸುಮ್ಮನಿರುವಾಗ ಬಹುಪಾಲು ಖಾಲಿಯಾದ ಸೆಲ್ಲೂ 3.6ರ ಹತ್ತಿರವೇ ತೋರಿಸುತ್ತದೆ), ಸಿಲಿಕಾ ಜೆಲ್ ಬದಲು, ಆಂಟೆನಾಗೆ ತಾಗುವ ಕೊಂಬೆ ಕಡಿಯುವುದು. ಇದನ್ನೆಲ್ಲ ಈ ತೋಟದಲ್ಲಿ ಈಗ ರೈಟರೇ ಮಾಡುತ್ತಾರೆ. ಅವರ ಕೈಯಲ್ಲಿ ಎರಡು ಬದಲಿ ನೋಡ್, ಒಂದು ಬದಲಿ ಮಾಪಕ ಮತ್ತು ಯಾವ ನೋಡ್ ಎಲ್ಲಿದೆಯೆಂದು ಬರೆದ ತೋಟದ ನಕ್ಷೆ ಇರುತ್ತದೆ. ಕೆಟ್ಟದ್ದನ್ನು ಅಲ್ಲೇ ಬದಲಿಸಿ, ರಿಪೇರಿಯನ್ನು ಮಳೆ ಮುಗಿದ ಮೇಲೆ ಮಾಡಿಸಲಾಗುತ್ತದೆ.